ಒಣಗಿದ ಮೇಲೆ ನೋಡೋಣ

ಹೆಂಡತಿ: ಅದನ್ನ ಕೆಳಗಿಳಿಸಿ ಈಗ್ಲೇ ನೋಡ್ರೀ ಅಂದ್ರೆ!

ಗಂಡ: ಕೈ ಹಾಕ್ಬೇಡ. ಇನ್ನೂ ಒದ್ದೆ ಇದೆ.

ಹೆಂಡತಿ: ಒದ್ದೆ ಇರುವಾಗ್ಲೇ ನೋಡ್ಬೇಕು.

ಗಂಡ: ಒದ್ದೆ ಇರುವಾಗ ನೋಡಿದೋನು ಯಾವನೂ ಉದ್ಧಾರ ಆಗಿಲ್ಲ. ಹದಿಮೂರು ವರ್ಷದ ಸರ್ವೀಸು ನಂದು. ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ ಕಣೇ. ಒದ್ದೇಲಿ ಗಾಢವಾಗಿ ಕಾಣುತ್ತೆ, ಒಣಗಿದ್ಮೇಲೆ ಬಣ್ಣ ಬಯಲಾಗುತ್ತೆ.

ಹೆಂಡತಿ: ಇದು ಬಟ್ಟೆ ಅಲ್ಲ.

ಗಂಡ: ಬಣ್ಣ ಹೌದಲ್ವಾ?

ಮಲಗುವ ಕೋಣೆಯ ಕಿಟಕಿಗೆ ಅಡ್ಡಲಾಗಿ ಒಂದು ದಾರ. ದಾರಕ್ಕೆ ಬಟ್ಟೆ ಕ್ಲಿಪ್ಪುಗಳಲ್ಲಿ ಸಿಕ್ಕಿಸಿದ ನಾಲ್ಕು ಕಾಗದದ ಪಟ್ಟಿಗಳು, ಒಂದೊಂದೂ ಬೆರಳಿಗಿಂತ ಸಣ್ಣದು. ಅಂಡ ಬಿಡುಗಡೆಯಾಗುವ ದಿನ ಹತ್ತಿರ ಬಂತೇ ಎಂದು ಮನೆಯಲ್ಲೇ ತಿಳಿದುಕೊಳ್ಳುವ ಸ್ಟ್ರಿಪ್ಪುಗಳು ಅವು. ಮೂತ್ರದಲ್ಲಿ ಅದ್ದಿದರೆ ಗುಲಾಬಿ ಬಣ್ಣದ ಗೆರೆ ಮೂಡುತ್ತದೆ. ಮೇಲಿನ ಗೆರೆ ಹೋಲಿಸಿ ನೋಡುವುದಕ್ಕೆ. ಕೆಳಗಿನದು ಅಷ್ಟೇ ಗಾಢವಾದರೆ ಆ ದಿನ ಮತ್ತು ಮರುದಿನ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು. ವಿಷಯ ಇಷ್ಟೇ. ಆದರೆ ಗಂಡ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಶೇಡು ನೋಡುವವನು. ತೊಟ್ಟಿಯಿಂದ ತೆಗೆದ ತುಂಡನ್ನು ಒಣಗಿಸಿ, ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಮಾದರಿಯ ಪಕ್ಕದಲ್ಲಿಟ್ಟು, ‘ಅರ್ಧ ಶೇಡು ಕಮ್ಮಿ’ ಎಂದು ವಾಪಸು ಕಳಿಸುವುದು ಅವನ ಕೆಲಸ. ಅಲ್ಲಿ ಅವನ ಹೆಸರೇ ಅರ್ಧ ಶೇಡು. ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವವಳು. ಅವನಿಗೆ ಜಗತ್ತೆಲ್ಲ ಬಣ್ಣ, ಅವಳಿಗೆ ನಿಮಿಷ.

ಭಾನುವಾರ. ಗೋಡೆ ಗಡಿಯಾರದಲ್ಲಿ ಹನ್ನೊಂದು ಹತ್ತು.

ಹೆಂಡತಿ: ಹನ್ನೊಂದೂ ನಾಲ್ಕಕ್ಕೆ ಅದ್ದಿದ್ದು. ಹನ್ನೊಂದೂ ಒಂಬತ್ತಕ್ಕೆ ನೋಡಿದೆ. ಎರಡೂ ಗೆರೆ ಸಮ. ಮುಗೀತು.

ಗಂಡ: ಎಲ್ಲಿ ನೋಡ್ದೆ?

ಹೆಂಡತಿ: ಬಚ್ಚಲಲ್ಲಿ.

ಗಂಡ: ಟ್ಯೂಬ್‌ಲೈಟಲ್ಲಿ?

ಹೆಂಡತಿ: ಟ್ಯೂಬ್‌ಲೈಟಲ್ಲಿ.

ಗಂಡ: (ತಲೆಯ ಮೇಲೆ ಕೈ ಹೊತ್ತು) ಟ್ಯೂಬ್‌ಲೈಟಲ್ಲಿ ಗುಲಾಬಿ ನೋಡಿದ್ಲಂತೆ! ನಮ್ಮಲ್ಲಿ ಹಾಗೆ ನೋಡಿದೋರನ್ನ ಅವತ್ತೇ ಮನೆಗೆ ಕಳಿಸ್ತಾರೆ.

ಹೆಂಡತಿ: ನಾನು ಮನೇಲೇ ಇದ್ದೀನಿ. ಪ್ಯಾಕೆಟ್ಟಿನೊಳಗೆ ಒಂದು ಕಾಗದ ಇರುತ್ತಲ್ಲ, ಅದನ್ನ ಯಾವತ್ತಾದ್ರೂ ಓದಿದ್ರಾ?

ಗಂಡ: ಯಾವ ಕಾಗದ?

ಹೆಂಡತಿ: ಏಳು ತಿಂಗಳು ಪ್ಯಾಕೆಟ್ ತಂದೋರು ನೀವು. ಏಳು ಕಾಗದ ಎಲ್ಲಿ ಹೋಯ್ತು?

ಗಂಡ: ಓ, ಅದಾ! ತೆಳ್ಳಗೆ ಮೆತ್ತಗೆ ಚೆನ್ನಾಗಿರುತ್ತೆ. ಲೆನ್ಸು ಒರೆಸೋಕೆ ಇಟ್ಕೊಂಡಿದ್ದೀನಿ.

ಹೆಂಡತಿ: ಈ ಸಲ ನಾನೇ ತಂದೆ. ಎರಡು ಬಸ್ಸಿನ ಮಧ್ಯೆ ಕೂತು ಪೂರ್ತಿ ಓದಿದೆ.

ಗಂಡ: ಮೈಕ್ ಆಫ್ ಇತ್ತಾ?

ಹೆಂಡತಿ: ಇತ್ತು. ಈಗ ಕೇಳಿ. (ಕಾಗದ ಬಿಚ್ಚಿ, ನಿಲ್ದಾಣದ ದನಿಯಲ್ಲಿ) ‘ಐದು ನಿಮಿಷಕ್ಕೆ ಫಲಿತಾಂಶ ನೋಡಬೇಕು. ಹತ್ತು ನಿಮಿಷ ದಾಟಿದ ಮೇಲೆ ಕಾಣುವುದನ್ನು ನಂಬಬಾರದು.’ ಇನ್ನೊಂದ್ಸಲ ಹೇಳ್ಲಾ?

ಗಂಡ: ಅದು ಸಾಮಾನ್ಯ ಜನಕ್ಕೆ ಬರೆದಿರೋದು.

ಹೆಂಡತಿ: ನೀವು?

ಗಂಡ: ನಾನು ಕಸುಬುದಾರ.

ಬಾಗಿಲ ಮೇಲೆ ಎರಡು ಬಡಿತ. ಗಂಡನ ತಾಯಿ. ತಂಗಿಯ ಮನೆಗೆ ಹೊರಟು ಬ್ಯಾಗು ತುಂಬಿ ಕೂತವರು. ಬೆಳಗಿನಿಂದ ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಬಿಟ್ಟಿದ್ದಾರೆ.

ಅತ್ತೆ: (ಆಚೆಯಿಂದ) ಏನ್ರೋ ಅದು ಗಲಾಟೆ?

ಗಂಡ: ಏನಿಲ್ಲಮ್ಮ. ಕರ್ಚೀಫು ಒಣಗ್ತಾ ಇದೆ.

ಅತ್ತೆ: ಕರ್ಚೀಫು ಒಣಗೋಕೆ ಇಷ್ಟು ಸದ್ದಾ?

ಹೆಂಡತಿ: ಅತ್ತೆ, ನಿಮ್ಮ ಬಸ್ಸು ಹನ್ನೊಂದೂ ನಲವತ್ತಕ್ಕೆ. ಅದು ತಪ್ಪಿದ್ರೆ ಎರಡೂ ಕಾಲಿಗೇ.

ಅತ್ತೆ: ಮನೇಲೂ ಬಿಡಲ್ಲ ಇವಳು. ನೀನು ಮೊದ್ಲು ನೀರು ಕುಡಿ ತಾಯಿ. ಒಂಬತ್ತು ಗಂಟೆಯಿಂದ ನೋಡ್ತಿದ್ದೀನಿ, ಒಂದು ಗುಟುಕು ಗಂಟಲಿಗಿಳಿದಿಲ್ಲ. ಟೀ ಕೊಟ್ರೂ ಬೇಡ ಅಂದೆ. ಅವನ ಮೇಲಿನ ಸಿಟ್ಟು ನಿನ್ನ ಹೊಟ್ಟೆ ಮೇಲೆ ಯಾಕೆ?

ಹೆಂಡತಿ: ಸಿಟ್ಟಲ್ಲ ಅತ್ತೆ, ಬಾಯಾರಿಕೆ ಇಲ್ಲ ಅಷ್ಟೇ.

ಅತ್ತೆ: ಈ ಸೆಕೇಲಿ ಬಾಯಾರಿಕೆ ಇಲ್ವಂತೆ. ಲೋ, ಏನಂದ್ಯೋ ಅವಳಿಗೆ?

ಗಂಡ: ಅರ್ಧ ಶೇಡು ಕಮ್ಮಿ ಇರಬಹುದು ಅಂದೆ, ಅಷ್ಟೇ.

ಬಾಗಿಲ ಮೇಲೆ ಮತ್ತೊಂದು ಬಡಿತ, ಈ ಸಲ ಜೋರಾಗಿ.

ಅತ್ತೆ: ಹೆಂಡತಿ ಬಣ್ಣಕ್ಕೆ ಹೆಸರಿಡ್ತೀಯಾ, ಅಯೋಗ್ಯ? ನೀನೇನು ಹಾಲಲ್ಲಿ ಅದ್ದಿ ತೆಗೆದೋನಾ?

ಗಂಡ: ಅಯ್ಯೋ, ಅವಳ ಬಣ್ಣ ಅಲ್ಲಮ್ಮ!

ಅತ್ತೆ: ಮತ್ತೆ ಯಾರ ಬಣ್ಣ? ಯಾರವಳು?

ಹೆಂಡತಿ: ಗೋಡೆ ಬಣ್ಣ ಅತ್ತೆ. ಈ ಕೋಣೆ ಗೋಡೆದು.

ಅತ್ತೆ: ಗೋಡೆಗೆ ಬಣ್ಣ ಹಚ್ಚೋಕೆ ನೀನ್ಯಾಕಮ್ಮ ನೀರು ಬಿಡ್ಬೇಕು?

ಹೆಜ್ಜೆಯ ಸದ್ದು ದೂರವಾಯಿತು. ಆಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಅದು ಅಷ್ಟೇನೂ ದೂರದ್ದಲ್ಲ.

ಹೆಂಡತಿ: (ದನಿ ತಗ್ಗಿಸಿ) ನನಗೆ ರಜೆ, ನಿಮಗೆ ರಜೆ, ಅತ್ತೆ ಊರಲ್ಲಿರಲ್ಲ, ಗೆರೆ ಸಮ. ನಾಲ್ಕೂ ಒಟ್ಟಿಗೆ ಕೂಡಿ ಬಂದಿದ್ದು ಎಂಟು ತಿಂಗಳಲ್ಲಿ ಇವತ್ತೊಂದೇ ದಿನ. ಇನ್ನೇನು ಬೇಕು ನಿಮಗೆ?

ಗಂಡ: ಬೆಳಕು. ನಾಳೆ ಬೆಳಿಗ್ಗೆ ಎಂಟಕ್ಕೆ ಈ ಕಿಟಕೀಲಿ ಒಳ್ಳೇ ಬೆಳಕಿರುತ್ತೆ. ಒಣಗಿದ ಮೇಲೆ ನೋಡೋಣ.

ಹೆಂಡತಿ: ನಾಳೆ ಎಂಟಕ್ಕೆ ನಾನು ಮೈಕಿನ ಮುಂದೆ ಇರ್ತೀನಿ.

ಗಂಡ: ಹಾಗಾದ್ರೆ ಸಂಜೆ ಅಂದ್ರೆ, ಸಂಜೆ ಬೆಳಕು ಸ್ವಲ್ಪ ಹಳದಿ...

ಹೆಂಡತಿ: ನಾನು ಬೆಳಕಿನ ಮಾತಾಡ್ತಿಲ್ಲ! ಹೊರಟು ಹೋದ ಬಸ್ಸಿಗೆ ಕೈ ತೋರಿಸೋರನ್ನ ದಿನಾ ನೋಡ್ತೀನಿ. ಅಂಥೋರ ಜೊತೆ ಸಂಸಾರವನ್ನೂ ಮಾಡ್ತಿದ್ದೀನಿ ಅಂತ ನಿನ್ನೆ ಆ ಕಾಗದ ಓದಿದ್ಮೇಲೇ ಗೊತ್ತಾಗಿದ್ದು.

ಗಂಡ: ಏಳು ತಿಂಗಳು ನೀನೂ ಸುಮ್ನಿದ್ದೆ.

ಹೆಂಡತಿ: ಮೊದಲನೇ ತಿಂಗಳು ಕೇಳ್ದೆ, ಸಮಾನಾ ಅಂತ. ‘ನೀನು ಬಿಡು, ಇದು ನನ್ನ ಕೆಲಸ’ ಅಂದ್ರಿ. ಬಣ್ಣದೋರನ್ನ ಕಟ್ಕೊಂಡಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತಲ್ಲ ಅಂತ ನಾನೂ ಬಿಟ್ಟೆ. ಎಲ್ಲಿ ಆ ಪುಸ್ತಕ?

ಗಂಡ: ಯಾವ ಪುಸ್ತಕ?

ಅವಳು ಆಗಲೇ ಮಂಚದ ಕೆಳಗೆ ಬಗ್ಗಿದ್ದಳು. ನೀಲಿ ರಟ್ಟಿನ ದಪ್ಪ ಪುಸ್ತಕ. ಕಾರ್ಖಾನೆಯಲ್ಲಿ ಬಟ್ಟೆಯ ತುಂಡುಗಳನ್ನು ಅಂಟಿಸಿಡುವಂಥದ್ದು. ಇದರಲ್ಲಿ ಪುಟಕ್ಕೊಂದು ತಿಂಗಳು. ಒಣಗಿದ ಸ್ಟ್ರಿಪ್ಪುಗಳು ಸಾಲಾಗಿ ಕೂತಿದ್ದವು, ಒಂದೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಒಂದು ಷರಾ.

ಹೆಂಡತಿ: (ನಿಲ್ದಾಣದ ದನಿಯಲ್ಲಿ) ಒಂದನೇ ತಿಂಗಳು. ಹನ್ನೆರಡನೇ ದಿನ, ಒಂದು ಶೇಡು ಕಮ್ಮಿ. ಹದಿಮೂರನೇ ದಿನ, ಅರ್ಧ ಶೇಡು ಕಮ್ಮಿ. ಹದಿನಾಲ್ಕು, ಕಾಲು ಶೇಡು ಕಮ್ಮಿ, ಸರಿಪಡಿಸಿ ಮತ್ತೆ ಕಳಿಸಿ. ಏನ್ರೀ ಇದು? ಏನು ಸರಿಪಡಿಸ್ಲಿ? ಎಲ್ಲಿಂದ ಮತ್ತೆ ಕಳಿಸ್ಲಿ?

ಗಂಡ: ಅಭ್ಯಾಸ ಕಣೇ. ಕೈ ತಾನೇ ಬರೆಯುತ್ತೆ.

ಹೆಂಡತಿ: ಎರಡನೇ ತಿಂಗಳು. ‘ಅಂಚಿನಲ್ಲಿ ಮಸುಕು. ಕೆಲಸ ಅಚ್ಚುಕಟ್ಟಾಗಿಲ್ಲ.’ ಯಾರ ಕೆಲಸ?

ಗಂಡ: ಸ್ಟ್ರಿಪ್ ಮಾಡಿದೋರ ಕೆಲಸ! ನಿನ್ನ ಕೆಲಸಕ್ಕೆ ನಾನೇನೂ ಅಂದಿಲ್ಲ.

ಹೆಂಡತಿ: ದೊಡ್ಡ ಉಪಕಾರ. ಮೂರನೇ ತಿಂಗಳು. ಹದಿನಾಲ್ಕು, ರಿಜೆಕ್ಟ್. ಹದಿನೈದು, ಹದಿನಾರು, ಹದಿನೇಳು, ರಿಜೆಕ್ಟ್. ಹದಿನೆಂಟು, ಪಾಸ್! ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಿ. ಏಳು ತಿಂಗಳಲ್ಲಿ ಪಾಸಾಗಿದ್ದು ಇದೊಂದೇ.

ಗಂಡ: (ಹೆಮ್ಮೆಯಿಂದ) ನೆನಪಿದೆ. ಎಂಥಾ ಬಣ್ಣ! ಅವತ್ತು ಅರ್ಧ ದಿನ ರಜೆ ಹಾಕಿ ಓಡಿ ಬಂದಿದ್ದೆ.

ಹೆಂಡತಿ: ನನಗೂ ನೆನಪಿದೆ. ನನ್ನನ್ನ ಮೈಕಿನ ಮುಂದಿಂದ ಎಬ್ಬಿಸ್ಕೊಂಡು ಬಂದ್ರಿ. ನನ್ನ ಜಾಗದಲ್ಲಿ ಕೂತ ಕಂಡಕ್ಟರ್ ಮೂರು ಬಸ್ಸಿನ ಜನಾನ ಬೇರೆ ಬೇರೆ ಊರಿಗೆ ಹತ್ತಿಸಿದ. ಹದಿನಾಲ್ಕಕ್ಕೆ ಇಲ್ಲದ್ದು ಹದಿನೆಂಟಕ್ಕೆ ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಅತ್ತೆ: (ಬಾಗಿಲು ತಳ್ಳಿಕೊಂಡು ಒಳಗೆ ಬಂದು) ನನಗೆ ಆಯ್ತು.

ಗಂಡ: ಅಮ್ಮಾ! ಇದು... ಇದು ಕಾರ್ಖಾನೆ ಸ್ಯಾಂಪಲ್ಲು.

ಅತ್ತೆ: ನಾನೂ ಮೊದ್ಲು ಹಾಗೇ ಅಂದ್ಕೊಂಡೆ. ಕಿಟಕೀಲಿ ಗೊಂಬೆ ಮನೆ ಬಟ್ಟೆ ಒಣಹಾಕಿದ ಹಾಗೆ ಸಾಲು. ಆಮೇಲೆ ತಿಂಗಳಿಗೊಂದ್ಸಲ, ವಾರದ ಮಟ್ಟಿಗೆ ಮಾತ್ರ ಸಾಲು ಕಟ್ಟುತ್ತೆ ಅಂತ ಗೊತ್ತಾಯ್ತು. ನಾನೂ ದಿನ ಎಣಿಸಿದೋಳೇ ಕಣೋ. ಸಾಲಲ್ಲಿ ನಾಲ್ಕು ಕಡ್ಡಿ ಆದ ಕೂಡ್ಲೇ ಬ್ಯಾಗು ತಗೊಂಡು ತಂಗಿ ಮನೆಗೆ ಹೊರಡ್ತೀನಲ್ಲ, ಯಾಕೆ ಅಂದ್ಕೊಂಡೆ? ಅವಳು ಕೇಳ್ತಾಳೆ, ‘ಏನಕ್ಕಾ, ತಿಂಗಳು ತಪ್ಪದೆ ಬರ್ತೀಯ’ ಅಂತ. ನಾನು ತಿಂಗಳು ತಪ್ಪದೆ ಹೋಗಿದ್ದೇ ಬಂತು.

ಹೆಂಡತಿ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಅವಳ ಭುಜ ಅಲುಗುತ್ತಿದ್ದುದು ನಗುವಿಗೋ ಬೇರೆಯದಕ್ಕೋ ಹೇಳುವಂತಿರಲಿಲ್ಲ.

ಗಂಡ: ಹದಿನೆಂಟನೇ ದಿನದ್ದು ಏನು ಅರ್ಥ ಆಯ್ತು ನಿನಗೆ?

ಅತ್ತೆ: ಅವತ್ತು ಗಾಳಿಗೆ ದಾರ ಕಿತ್ಕೊಂಡು ಎಲ್ಲಾ ನೆಲಕ್ಕೆ ಬಿದ್ದಿತ್ತು. ಪಾಪ, ಕೆಲಸದ್ದು ಅಂತ ಎತ್ತಿ ಮತ್ತೆ ಸಿಕ್ಕಿಸಿದೆ.

ಗಂಡ: (ಸಣ್ಣ ದನಿಯಲ್ಲಿ) ಎಡದಿಂದ ಬಲಕ್ಕೆ ದಿನದ ಪ್ರಕಾರ ಇಟ್ಟಿದ್ದೆ.

ಅತ್ತೆ: ನಾನು ಕೈಗೆ ಸಿಕ್ಕ ಪ್ರಕಾರ ಇಟ್ಟೆ.

ಹೆಂಡತಿ: (ತಿರುಗಿ, ನಿಧಾನಕ್ಕೆ) ಅಂದ್ರೆ ನೀವು ಪಾಸ್ ಮಾಡಿದ್ದು ಹದಿನೆಂಟನೇ ದಿನದ್ದಲ್ಲ. ಮೊದಲೇ ರಿಜೆಕ್ಟ್ ಮಾಡಿದ್ದನ್ನೇ, ಜಾಗ ಬದಲಾದ್ಮೇಲೆ ‘ಎಂಥಾ ಬಣ್ಣ’ ಅಂದ್ರಿ. ಕಸುಬುದಾರರು!

ಹದಿಮೂರು ವರ್ಷದ ಸರ್ವೀಸು ಒಂದೇ ಏಟಿಗೆ ಮಂಚದ ಮೇಲೆ ಕೂತಿತು. ಇಷ್ಟು ದಿನ ಅವನು ನಂಬದೇ ಇದ್ದದ್ದು ಬೇರೆಯವರ ಕಣ್ಣನ್ನು ಮಾತ್ರ. ಈಗ ತನ್ನದೂ ಅದರ ಜೊತೆ ಸೇರಿತ್ತು.

ಗಂಡ: ಸಾಧ್ಯಾನೇ ಇಲ್ಲ. ಕೊಡು ಇಲ್ಲಿ ಪುಸ್ತಕ.

ಅವನು ಎಳೆದ, ಅವಳು ಬಿಡಲಿಲ್ಲ. ರಟ್ಟು ಬಾಯಿಬಿಟ್ಟು ಹಾಳೆಗಳ ನಡುವಿನಿಂದ ಮಡಚಿದ ಚೀಟಿಯೊಂದು ಕೆಳಗೆ ಬಿತ್ತು. ಅತ್ತೆ ಎತ್ತಿಕೊಂಡು ತೋಳು ಚಾಚಿ ದೂರ ಹಿಡಿದರು.

ಅತ್ತೆ: ಇದೇನೋ, ಡಾಕ್ಟರ ಚೀಟಿ. ಇವಳದ್ದಾ? ಅಲ್ವಲ್ಲ,  ಇದರಲ್ಲಿ ನಿನ್ನ ಹೆಸರಿದೆ.

ಗಂಡ: ಅದು ಹಳೇದು ಅಮ್ಮ. ಪುಟದ ಗುರುತಿಗೆ ಅಂತ...

ಹೆಂಡತಿ: ಕಳೆದುಹೋಯ್ತು ಅಂದಿದ್ರಿ.

ಗಂಡ: (ಚೀಟಿಗೆ ಕೈ ಚಾಚಿ) ಕೊಡಮ್ಮ ಇಲ್ಲಿ.

ಹೆಂಡತಿ: ಬಸ್ಸಲ್ಲಿ ಬಿದ್ದುಹೋಯ್ತು ಅಂದ್ರಿ. ನಾನು ಎರಡು ದಿನ ಡಿಪೋದೋರನ್ನೆಲ್ಲ ಕೇಳ್ದೆ, ಯಾವುದಾದ್ರೂ ಸೀಟಿನ ಕೆಳಗೆ ಚೀಟಿ ಸಿಕ್ತಾ ಅಂತ.

ಅತ್ತೆ: ಯಾವ ಪರೀಕ್ಷೆಯಮ್ಮ ಇದು?

ಹೆಂಡತಿ: ಇವರದ್ದು ಅತ್ತೆ. ಇಬ್ಬರದೂ ಒಟ್ಟಿಗೆ ಮಾಡಿಸಿ ಅಂತ ಡಾಕ್ಟರಮ್ಮ ಮೊದಲನೇ ದಿನಾನೇ ಬರೆದುಕೊಟ್ರು. ನನ್ನ ರಕ್ತ ನಾಲ್ಕು ಸಲ ತೆಗೆದಾಯ್ತು, ಎರಡು ಸಲ ಸ್ಕ್ಯಾನಾಯ್ತು. ತಿಂಗಳು ತಿಂಗಳು ಲೋಟದಲ್ಲಿ ಹಿಡಿದು ಅದ್ದಿದ್ದಾಯ್ತು. ನನ್ನದನ್ನ ಕ್ಲಿಪ್ ಹಾಕಿ ಕಿಟಕೀಲಿ ನೇತುಹಾಕಿ ಲೆನ್ಸಲ್ಲಿ ನೋಡಿದ್ರು. ತಮ್ಮದನ್ನ ಮಡಚಿ ಪುಸ್ತಕದಲ್ಲಿಟ್ರು.

ಅತ್ತೆ: ತನ್ನ ಎಲೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದೆಲೆ ನೊಣ ಓಡಿಸೋಕೆ ಹೋದ್ನಂತೆ.

ಗಂಡ: ಹೆಗ್ಗಣ ಇದೆಯೋ ಇಲ್ವೋ ಇನ್ನೂ ಗೊತ್ತಿಲ್ಲಮ್ಮ!

ಹೆಂಡತಿ: ಗೊತ್ತಾಗಬಾರದು ಅಂತ ತಾನೆ?

ಅವನು ಲೆನ್ಸನ್ನು ಕೈಗೆತ್ತಿಕೊಂಡು ಆ ಮೆತ್ತಗಿನ ಕಾಗದದಿಂದ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಗಂಡ: ಆ ಲ್ಯಾಬಲ್ಲೂ ಒಬ್ಬ ಕೂತಿರ್ತಾನೆ. ನನ್ನ ಹಾಗೇ, ಗಾಜಿಗೆ ಕಣ್ಣಿಟ್ಕೊಂಡು. ಕಮ್ಮಿ ಅಂತ ಬರೆದುಬಿಟ್ರೆ? ನಮ್ಮಲ್ಲಿ ಕಮ್ಮಿಯಾದ ಬಟ್ಟೆಗೆ ಮತ್ತೆ ತೊಟ್ಟಿ ಇದೆ.

ಹೆಂಡತಿ: ಪ್ರತಿ ತಿಂಗಳು ನಾನು ಬಚ್ಚಲಲ್ಲಿ ಕೂತು ಈ ಸಲವೂ ಇಲ್ಲ ಅಂತ ನನಗೇ ಹೇಳ್ಕೊಂಡು ಹೊರಗೆ ಬರ್ತೀನಲ್ಲ, ನನಗೆ ಯಾವ ತೊಟ್ಟಿ ಇತ್ತು? ಬರೋ ತಿಂಗಳು ನನಗೆ ಮೂವತ್ತೈದು. ಕಮ್ಮಿ ಇದ್ರೆ ಔಷಧಿ ಕೊಡ್ತಾರೆ. ಮಡಚಿಟ್ಟ ಚೀಟಿಗೆ ಯಾರೂ ಔಷಧಿ ಕೊಡಲ್ಲ.

ದಾರದ ಮೇಲಿನ ಪಟ್ಟಿ ಗಾಳಿಗೆ ಒಮ್ಮೆ ಸುತ್ತಿ ನಿಂತಿತು. ಅತ್ತೆ ಮಂಚದ ಅಂಚಿನಲ್ಲಿ ಕೂತರು.

ಅತ್ತೆ: ನಾನು ಆರು ವರ್ಷ ಆಸ್ಪತ್ರೆ ಸುತ್ತಿದೆ. ಕಂಡವರು ಹೇಳಿದ ಔಷಧಿಯೆಲ್ಲ ಕುಡಿದೆ. ಇವನಪ್ಪ ಬರ್ತಿದ್ರು, ಇಲ್ಲ ಅನ್ನಲ್ಲ. ಹೊರಗೆ ಬೆಂಚಿನ ಮೇಲೆ ಪೇಪರ್ ಓದ್ತಾ ಕೂತಿರ್ತಿದ್ರು. ಆರನೇ ವರ್ಷ ಒಬ್ಬ ಡಾಕ್ಟರು ಹೊರಗೆ ಬಂದು, ಆ ಪೇಪರ್ ಕಿತ್ಕೊಂಡು, ‘ನೀವೂ ಒಳಗೆ ಬನ್ನಿ ಸ್ವಾಮಿ’ ಅಂದ್ರು. ಮೂರು ತಿಂಗಳು ಮಾತ್ರೆ. ಇಗೋ, ಇವನು.

ಗಂಡ: ಅಪ್ಪ ಮಾತ್ರೆ ತಗೊಂಡಿದ್ರಾ? ನನಗೆ ಹೇಳ್ಲೇ ಇಲ್ಲ!

ಅತ್ತೆ: ಹೇಳೋಕೆ ನೀನು ಹುಟ್ಟಿರ್ಲಿಲ್ಲ. (ಚೀಟಿಯನ್ನು ಮತ್ತೆ ದೂರ ಹಿಡಿದು) ಏನೋ ಬರೆದಿದೆ ಕೆಳಗೆ. ‘ಪರೀಕ್ಷೆಗೆ ಮೊದಲು ಮೂರು ದಿನ ಗಂಡ ಹೆಂಡತಿ...’ (ಥಟ್ಟನೆ ಮಡಚಿ) ಉಳಿದದ್ದು ನೀನೇ ಓದ್ಕೊಳಮ್ಮ. ನನ್ನ ಕನ್ನಡಕ ಬ್ಯಾಗಲ್ಲಿದೆ. ಯಾವತ್ತು ಹೋಗ್ಬೇಕು, ಅಷ್ಟು ಹೇಳು.

ಹೆಂಡತಿ: (ಚೀಟಿ ನೋಡಿ, ಬೆರಳು ಮಡಿಸಿ ಎಣಿಸಿ) ಶುಕ್ರವಾರ ಅತ್ತೆ. ಬೆಳಿಗ್ಗೆ ಎಂಟೂವರೆ. ಆದ್ರೆ ಅವತ್ತು ನನಗೆ ಡ್ಯೂಟಿ ಇದೆ.

ಗಂಡ: ಹಾಗಾದ್ರೆ ಮುಂದಿನ ವಾರ ನೋಡೋಣ.

ಅತ್ತೆ: ಬೇಡ. ನಾನೇ ಕರ್ಕೊಂಡು ಹೋಗ್ತೀನಿ.

ಗಂಡ: ಅಮ್ಮಾ! ಮೂವತ್ತೆಂಟು ವರ್ಷದ ಗಂಡಸು ಆ ಪರೀಕ್ಷೆಗೆ ಅಮ್ಮನ ಕೈ ಹಿಡ್ಕೊಂಡು ಹೋಗೋದಾ? ನೋಡಿದೋರು ಏನಂತಾರೆ?

ಅತ್ತೆ: ಯಾರು ನೋಡ್ತಾರೆ ನಿನ್ನನ್ನ? ನೀನು ಒಳಗಿರ್ತೀಯ. ನಾನು ಹೊರಗೆ ಬೆಂಚಿನ ಮೇಲೆ ಪೇಪರ್ ಓದ್ತಾ ಕೂತಿರ್ತೀನಿ.

ಚೀಟಿ ಅತ್ತೆಯ ಬ್ಯಾಗು ಸೇರಿತು. ಅದರ ಬಾಯಿಯ ಜಿಪ್ಪು ಎಳೆದ ಸದ್ದಿಗೆ ಮಗ ಕಣ್ಣು ಮುಚ್ಚಿದ.

ಅತ್ತೆ: ಎಷ್ಟಮ್ಮ ಈಗ?

ಹೆಂಡತಿ: ಹನ್ನೊಂದೂ ಇಪ್ಪತ್ತೇಳು. ನಿಲ್ದಾಣಕ್ಕೆ ಎಂಟು ನಿಮಿಷದ ದಾರಿ. ಮೂರನೇ ಅಂಕಣದಲ್ಲಿ ನಿಂತಿರುತ್ತೆ.

ಅತ್ತೆ: ನಾಳೆ ರಾತ್ರಿ ಊಟದ ಹೊತ್ತಿಗೆ ಬರ್ತೀನಿ. ಮತ್ತೆ ನೀರು?

ಹೆಂಡತಿ: ಜಾಸ್ತಿ ಕುಡಿದ್ರೆ ಗೆರೆ ತಿಳಿಯಾಗುತ್ತಂತೆ ಅತ್ತೆ. ಅದಕ್ಕೇ ಎರಡು ಗಂಟೆ ಬಿಟ್ಟಿದ್ದೆ.

ಅತ್ತೆ: ಅದ್ದಿ ಆಯ್ತಲ್ಲ, ಈಗ ಕುಡಿ. ಇವನ ಜೊತೆ ಮಾತಾಡೋಕೆ ಗಂಟಲು ಬೇಕು.

ಮುಂಬಾಗಿಲ ಚಿಲಕ ಬಿತ್ತು. ಹೆಂಡತಿ ತಂಬಿಗೆ ನೀರನ್ನು ನಿಂತಲ್ಲೇ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಗಂಡ: ಶುಕ್ರವಾರಾನೇ ಯಾಕೆ?

ಹೆಂಡತಿ: (ನಿಲ್ದಾಣದ ದನಿಯಲ್ಲಿ) ಪ್ರಯಾಣಿಕರ ಗಮನಕ್ಕೆ. ಇಂದು ಮತ್ತು ನಾಳೆ ಬಸ್ಸು ಉಂಟು. ಮಂಗಳವಾರದಿಂದ ಮೂರು ದಿನ ಈ ಮಾರ್ಗದಲ್ಲಿ ಯಾವುದೇ ಬಸ್ಸು ಇರುವುದಿಲ್ಲ. ಪ್ರಯಾಣಿಕರು ಸಹಕರಿಸಬೇಕು.

ಗಂಡನಿಗೆ ನಗು ಬಂತು. ಎಷ್ಟೋ ದಿನದಿಂದ ಒಳಗೇ ಒಣಗಿದ್ದ ನಗು; ಹೊರಗೆ ಬರುವಾಗ ಕೆಮ್ಮಿನ ಹಾಗೆ ಕೇಳಿಸಿತು.

ಹೆಂಡತಿ: ಆ ಪರದೆ ಎಳೀರಿ.

ಗಂಡ: ಬೆಳಕು ಹೋಗುತ್ತಲ್ಲೇ.

ಹೆಂಡತಿ: ಹೋಗ್ಲಿ.

ಅವನು ಪರದೆ ಎಳೆದ. ದಾರದ ತುದಿಯಲ್ಲಿದ್ದ ಇವತ್ತಿನ ಪಟ್ಟಿಯನ್ನು ಕ್ಲಿಪ್ಪಿನಿಂದ ಬಿಡಿಸಿ, ಕಣ್ಣಿನ ಹತ್ತಿರ ತರದೆ, ಕಸದ ಬುಟ್ಟಿಗೆ ಹಾಕಿದ.

ಗಂಡ: ಪಾಸ್.

ಹೆಂಡತಿ: ನೋಡ್ದೇನೇ?

ಗಂಡ: ನೋಡ್ದೇನೇ.

ಹೆಂಡತಿ: ಶುಕ್ರವಾರ ಅಲ್ಲಿ ಹಾಗೆ ಬಿಡಲ್ಲ. ನೋಡೇ ಬರೀತಾರೆ.